ಹಳೆಯ ಕಾರಿನ ಚಕ್ರದ ಅದುರಾಟ ಮತ್ತು ಬ್ಯಾಲೆನ್ಸಿಂಗ್: ಅಂಬಾಸಿಡರ್, ಪದ್ಮಿನಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಇಂದಿಗೂ ರಸ್ತೆಯ ಮೇಲೆ ಓಡಿಸುತ್ತಿರುವವರಿಗಾಗಿ ಮತ್ತು ಮನೆಯ ಹಳೆಯ ಗಾಡಿಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿಕೊಂಡವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಒಂದು ಮಾರಿಸ್ ಆಕ್ಸ್‌ಫರ್ಡ್‌ನಿಂದ, ಇನ್ನೊಂದು ಫಿಯೆಟ್ 1100ರಿಂದ ಬಂದ ಗಾಡಿಯಾದರೂ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್, ಪಟ್ಟೆ ಸ್ಪ್ರಿಂಗುಗಳ ಮೇಲೆ ಕೂತ ಹಿಂಬದಿ ಆಕ್ಸಲ್ಲಿನ ಹೌಸಿಂಗ್, ಉಕ್ಕಿನ ರಿಮ್ಮು ಇವೆಲ್ಲ ಎರಡರಲ್ಲೂ ಇರುವುದರಿಂದ ಅದುರಾಟದ ಕಾರಣಗಳೂ ಬಹುಪಾಲು ಒಂದೇ ಬಗೆಯವು.

ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಸ್ಟೇರಿಂಗ್ ಅದುರುತ್ತಿದೆ. ಮತ್ತೊಮ್ಮೆ ಮಾಡಿಸಬೇಕೆ?

ತಕ್ಷಣ ಬೇಡ. ಚಕ್ರವು ಅದುರದೆ ಉರುಳಬೇಕಾದರೆ ಅದು ದುಂಡಗಿರಬೇಕು, ನೇರವಾಗಿರಬೇಕು, ಹಬ್ಬಿನ (ಚಕ್ರವನ್ನು ಬಿಗಿಯುವ, ತಿರುಗುವ ನಡುಭಾಗದ) ಸರಿಯಾದ ನಡುವಿಗೆ ಕೂತಿರಬೇಕು, ಅದನ್ನು ಹಿಡಿದಿರುವ ಬೇರಿಂಗು ಮತ್ತು ಜಾಯಿಂಟುಗಳಲ್ಲಿ ಸಡಿಲ ಇರಬಾರದು, ಇದೆಲ್ಲ ಸರಿಯಿದ್ದ ಮೇಲೆ ತೂಕವು ಸುತ್ತಲೂ ಸಮನಾಗಿ ಹಂಚಿರಬೇಕು. ಬ್ಯಾಲೆನ್ಸಿಂಗ್ ಯಂತ್ರವು ಸರಿಪಡಿಸುವುದು ಕೊನೆಯದನ್ನು ಮಾತ್ರ. ಸೊಟ್ಟಗಿರುವ ರಿಮ್ಮಿಗೆ ಎಷ್ಟು ಸೀಸದ ತುಂಡು (ವೆಯಿಟ್) ಬಡಿದರೂ ಅದು ಸೊಟ್ಟಗೇ ಉರುಳುತ್ತದೆ. ಯಂತ್ರದ ಪರದೆಯ ಮೇಲೆ ಎರಡು ಸೊನ್ನೆಗಳು ಬಂದವೆಂದ ಮಾತ್ರಕ್ಕೆ ಚಕ್ರ ಸರಿಯಾಯಿತೆಂದು ಗಾಡಿಯನ್ನು ಕೊಟ್ಟು ಕಳಿಸುವುದು ನಮ್ಮ ಟೈರ್ ಅಂಗಡಿಗಳಲ್ಲಿ ನಡೆದುಬಂದಿದೆ. ಮಾಲೀಕರು ಮೂರು ಅಂಗಡಿ ಸುತ್ತಿ ಮೂರು ಸಲ ಹಣ ಕೊಟ್ಟು ಅದೇ ಅದುರಾಟದೊಂದಿಗೆ ಮನೆಗೆ ಮರಳುವುದಕ್ಕೆ ಇದೇ ಕಾರಣ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು?

ಗಾಡಿಯನ್ನು ಬಿಚ್ಚುವ ಮೊದಲು ಓಡಿಸಿ ನೋಡಬೇಕು. ಸಮತಟ್ಟಾದ, ವಾಹನ ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ ನಿಧಾನವಾಗಿ ವೇಗ ಹೆಚ್ಚಿಸುತ್ತಾ, ಅದುರು ಎಷ್ಟು ವೇಗದಲ್ಲಿ ಹುಟ್ಟುತ್ತದೆ, ಎಲ್ಲಿ ಜೋರಾಗುತ್ತದೆ, ಮುಂದೆ ಇಳಿಯುತ್ತದೆಯೋ ಇಲ್ಲವೋ ಎಂಬುದನ್ನು ಪಕ್ಕದಲ್ಲಿ ಕೂತವರಿಂದ ಬರೆಸಿಕೊಳ್ಳಿ. ಅದುರು ಮುಖ್ಯವಾಗಿ ಸ್ಟೇರಿಂಗಿನಲ್ಲಿ ತಿಳಿದರೆ ಮುಂದಿನ ಚಕ್ರಗಳನ್ನೂ, ಸೀಟಿನಲ್ಲಿ ಮತ್ತು ನೆಲದಲ್ಲಿ ತಿಳಿದರೆ ಹಿಂದಿನ ಚಕ್ರಗಳನ್ನೂ ಶಾಫ್ಟನ್ನೂ ಮೊದಲು ಅನುಮಾನಿಸಬೇಕು.

ಅದುರು ಜೋರಾಗಿರುವ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಆಕ್ಸಿಲರೇಟರ್ ಬಿಡಿ. ಎಂಜಿನ್ನಿನ ವೇಗ ಬಿದ್ದೊಡನೆ ಅದುರೂ ನಿಂತರೆ ತಪ್ಪು ಎಂಜಿನ್, ಕ್ಲಚ್ ಅಥವಾ ಅವುಗಳ ಮೌಂಟಿಂಗ್ ರಬ್ಬರುಗಳ ಕಡೆಗಿದೆ. ಗಾಡಿಯ ವೇಗದ ಜೊತೆಗೇ ಅದುರು ಇಳಿಯುತ್ತಾ ಹೋದರೆ ತಪ್ಪು ಚಕ್ರದಲ್ಲಿ ಅಥವಾ ಶಾಫ್ಟಿನಲ್ಲಿದೆ. ಎಂಜಿನ್ ಮಾತ್ರ ಆರಿಸಬೇಡಿ, ಕೀಲಿಯನ್ನೂ ಮುಟ್ಟಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ಅದುರುವುದಾದರೆ ಅದರ ಉತ್ತರ ಕೆಳಗೆ ಬೇರೆಯಾಗಿಯೇ ಇದೆ.

ಹಿಂದೆ ಎಂದೂ ಅದುರದ ಗಾಡಿ ಈಗ ಎಕ್ಸ್‌ಪ್ರೆಸ್‌ವೇಗೆ ಹತ್ತಿದೊಡನೆ ಅದುರುತ್ತದೆ. ಏಕೆ?

ತೂಕದ ಏರುಪೇರಿನಿಂದ ಹುಟ್ಟುವ ಬಲವು ವೇಗದ ವರ್ಗದಂತೆ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅಂಬಾಸಿಡರಿನ 15 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಎಳೆಯುವ ಬಲ ಅರ್ಧ ಕಿಲೋ ತೂಕವನ್ನು ಸ್ವಲ್ಪ ಮೀರುತ್ತದೆ ಅಷ್ಟೆ. 80ರಲ್ಲಿ ಅದೇ ಎರಡೂವರೆ ಕಿಲೋ, 100ರಲ್ಲಿ ಸುಮಾರು ನಾಲ್ಕು ಕಿಲೋ. ಆ ವೇಗಗಳಲ್ಲಿ ಚಕ್ರ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ಸುತ್ತುವುದರಿಂದ, ಈ ಎಳೆತ ಪ್ರತಿ ಸೆಕೆಂಡಿಗೆ ಅಷ್ಟೇ ಸಲ ಮೇಲೆ ಕೆಳಗೆ, ಹಿಂದೆ ಮುಂದೆ ಬಡಿಯುತ್ತದೆ. ಸಸ್ಪೆನ್ಷನ್ನಿನ ಸಹಜ ತೂಗಾಟಕ್ಕೆ ಆ ಬಡಿತ ಹೊಂದಿಕೊಂಡ ವೇಗದಲ್ಲಿ ಅದುರು ಅತಿ ಜೋರಾಗಿ, ಅದನ್ನು ದಾಟಿದರೆ ಕೆಲವೊಮ್ಮೆ ಕಡಿಮೆಯಾಗುತ್ತದೆ. ಹಳೆಯ ಮೈಸೂರು ರಸ್ತೆಯಲ್ಲಿ ಊರೂರು ದಾಟುತ್ತಾ 60ರಲ್ಲಿ ಹೋಗುತ್ತಿದ್ದ ಗಾಡಿಯನ್ನು ಇಂದು ಅದೇ ಊರುಗಳ ಪಕ್ಕದ ಎಕ್ಸ್‌ಪ್ರೆಸ್‌ವೇಯಲ್ಲಿ 90ರಲ್ಲಿ ಓಡಿಸಿದಾಗ, ಮೊದಲಿನಿಂದಲೂ ಇದ್ದ ದೋಷ ಹೊರಗೆ ಬರುತ್ತದೆ.

30ರಿಂದ 50 ಕಿ.ಮೀ. ವೇಗದಲ್ಲೇ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಕುಣಿಯುತ್ತದೆ. ಇದೂ ಬ್ಯಾಲೆನ್ಸಿಂಗ್ ದೋಷವೆ?

ಬಹುತೇಕ ಅಲ್ಲ. ಇಷ್ಟು ಕಡಿಮೆ ವೇಗದಲ್ಲಿ ಕೆಲವು ಗ್ರಾಂ ವ್ಯತ್ಯಾಸ ಸ್ಟೇರಿಂಗನ್ನು ಕುಣಿಸಲಾರದು. ಮೆಕ್ಯಾನಿಕ್ಕರು ವಾಬ್ಲಿಂಗ್ ಎನ್ನುವ ಈ ದೋಷಕ್ಕೆ ಬೆಂಡಾದ ರಿಮ್ಮು, ಒಳಗಿನ ಪದರ ಬಿಟ್ಟುಕೊಂಡ ಟೈರು, ಸವೆದ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಮತ್ತು ಅದರ ಬುಷ್, ಸಡಿಲಗೊಂಡ ಟೈ ರಾಡ್ ಎಂಡ್‌ಗಳು (ಸ್ಟೇರಿಂಗ್ ಕಡ್ಡಿಗಳ ತುದಿಯ ಜಾಯಿಂಟುಗಳು) ಕಾರಣವಾಗಿರುತ್ತವೆ. ಹೊಂಡವೊಂದಕ್ಕೆ ಬಿದ್ದೊಡನೆ ಕುಣಿತ ಶುರುವಾಗಿ ಗಾಡಿ ನಿಧಾನಿಸುವವರೆಗೂ ನಿಲ್ಲದಿದ್ದರೆ ಸ್ಟೇರಿಂಗ್ ಜೋಡಣೆಯ ಸಡಿಲವನ್ನೇ ಮೊದಲು ಹುಡುಕಿ.

ರಿಮ್ಮು ಬೆಂಡಾಗಿದೆಯೇ ಎಂಬುದನ್ನು ಮನೆಯಲ್ಲಿ ನೋಡಬಹುದೆ?

ನೋಡಬಹುದು, ಇದಕ್ಕೆ ಯಂತ್ರ ಬೇಕಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರಿಯ ಜಾಕನ್ನು ನಂಬಬಾರದು. ಮೊದಲು ಬೇರಿಂಗಿನಲ್ಲಿ ಸಡಿಲ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. ನಂತರ ಒಂದೆರಡು ಇಟ್ಟಿಗೆ ಜೋಡಿಸಿ, ಅದರ ಮೇಲೆ ಬಲಪದ ಹಿಡಿದ ಕೈಯನ್ನು ಅಲುಗದಂತೆ ಊರಿ, ಬಲಪದ ತುದಿಯನ್ನು ರಿಮ್ಮಿನ ಅಂಚಿನ ಪಕ್ಕಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಹಿಡಿದು, ಇನ್ನೊಂದು ಕೈಯಿಂದ ಚಕ್ರವನ್ನು ಮೆಲ್ಲಗೆ ಸುತ್ತಿಸಿ. ನೇರವಾದ ರಿಮ್ಮಿನ ಮೇಲೆ ಸುತ್ತಲೂ ತೆಳುವಾದ ಗೆರೆ ಬೀಳುತ್ತದೆ ಅಥವಾ ಎಲ್ಲಿಯೂ ಬೀಳುವುದಿಲ್ಲ. ಬೆಂಡಾದ ರಿಮ್ಮಿನಲ್ಲಿ ಒಂದು ಕಡೆ ಮಾತ್ರ ಗೆರೆ ಬಿದ್ದು, ಎದುರು ಬದಿಯಲ್ಲಿ ಬಲಪಕ್ಕೂ ರಿಮ್ಮಿಗೂ ನಡುವೆ ಬೆಳಕು ಕಾಣುತ್ತದೆ. ಆ ಸಂದಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ತಗಡುಗಳ ಕಟ್ಟು) ಹಾಕಿದರೆ ಎಷ್ಟು ಎಂಬುದೂ ತಿಳಿಯುತ್ತದೆ. ಓಲಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು.

ಪಕ್ಕದ ಅಳತೆ ಮುಗಿದ ಮೇಲೆ ಬಲಪವನ್ನು ಟೈರು ಕೂರುವ ಅಂಚಿನ ಕೆಳಗೆ ಹಿಡಿದು ರಿಮ್ಮಿನ ದುಂಡುತನವನ್ನೂ, ಆಮೇಲೆ ಟೈರು ನೆಲಕ್ಕೆ ತಾಗುವ ಪಟ್ಟೆಯ ಮುಂದೆ ಹಿಡಿದು ಟೈರಿನ ದುಂಡುತನವನ್ನೂ ನೋಡಬೇಕು. ಉಕ್ಕಿನ ರಿಮ್ಮಿನಲ್ಲಿ ಪಕ್ಕಕ್ಕಾಗಲಿ ಮೇಲಕ್ಕಾಗಲಿ ಒಂದು ಮಿಲಿಮೀಟರಿನ ಆಸುಪಾಸಿನ ಓಲಾಟ ಸಹಜ, ಒಂದೂವರೆ ಮಿ.ಮೀ. ದಾಟಿದರೆ ಆ ರಿಮ್ಮನ್ನು ಮುಂದಿನ ಹಬ್ಬಿಗೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ರಿಮ್ಮಿನ ಓಲಾಟ ಈ ಮಿತಿಯೊಳಗಿದ್ದು ಟೈರು ಹೆಚ್ಚು ಓಲಾಡುತ್ತಿದ್ದರೆ ಗಾಳಿ ತೆಗೆಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ, ಒಂದರ ಎತ್ತರ ಇನ್ನೊಂದರ ತಗ್ಗಿಗೆ ಸೇರಿ ಎಷ್ಟೋ ಸಲ ದೋಷ ಅರ್ಧಕ್ಕೆ ಇಳಿಯುತ್ತದೆ. ಟ್ಯೂಬ್ ಇರುವ ಚಕ್ರದಲ್ಲಿ ಹೀಗೆ ಮಾಡುವಾಗ ಟ್ಯೂಬ್ ಮಡಿಚಿಕೊಳ್ಳದಂತೆ ಒಮ್ಮೆ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿಸಬೇಕು.

ಬೆಂಡಾದ ರಿಮ್ಮನ್ನು ತಿದ್ದಿಸಬಹುದೆ?

ಅಂಚು ಮಾತ್ರ ಮಡಿಚಿದ್ದರೆ ಅನುಭವಸ್ಥರು ತಿದ್ದಬಲ್ಲರು. ನಟ್ಟಿನ ತೂತುಗಳ ಸುತ್ತ ಬಿರುಕಿದ್ದರೆ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಅಥವಾ ನಡುವಿನ ತಟ್ಟೆ ಬೆಸುಗೆಯಲ್ಲಿ ಬಿಟ್ಟುಕೊಂಡಿದ್ದರೆ ಆ ರಿಮ್ಮು ಗುಜರಿಗೆ ಹೋಗಬೇಕು.

ಒಂದೇ ಚಕ್ರಕ್ಕೆ ಎರಡು ಅಂಗಡಿಗಳಲ್ಲಿ ಎರಡು ಬೇರೆ ಬೇರೆ ಲೆಕ್ಕ ಬಂದಿದೆ. ಯಾರನ್ನು ನಂಬಬೇಕು?

ಹಳೆಯ ಕಾರುಗಳ ಮಟ್ಟಿಗೆ ಅತಿ ಮುಖ್ಯವಾದ ಪ್ರಶ್ನೆ ಇದು. ಇಂದಿನ ಕಾರುಗಳ ರಿಮ್ಮಿನ ನಡುವಿನ ರಂಧ್ರವನ್ನು ನಿಖರವಾಗಿ ಕೊರೆದಿರುತ್ತಾರೆ. ಹೆಚ್ಚಿನವುಗಳಲ್ಲಿ ಚಕ್ರ ಹಬ್ಬಿನ ನಡುವಿಗೆ ಕೂರುವುದು ಆ ರಂಧ್ರದಿಂದಲೇ. ಬ್ಯಾಲೆನ್ಸಿಂಗ್ ಯಂತ್ರದ ಶಂಕುವಿನಾಕಾರದ ಕೋನ್ ಆ ರಂಧ್ರಕ್ಕೆ ಹೊಕ್ಕು ಚಕ್ರವನ್ನು ಹಿಡಿಯುತ್ತದೆ, ಆದ್ದರಿಂದ ಗಾಡಿಯ ಮೇಲೂ ಯಂತ್ರದ ಮೇಲೂ ಚಕ್ರದ ನಡು ಒಂದೇ ಆಗಿರುತ್ತದೆ. ಹಳೆಯ ಉಕ್ಕಿನ ರಿಮ್ಮುಗಳು ಹೆಚ್ಚಾಗಿ ಹಾಗಲ್ಲ. ಅವು ನಡುವಿಗೆ ಕೂರುವುದು ನಟ್ಟಿನ ಇಳಿಜಾರು ಮುಖ ರಿಮ್ಮಿನ ತೂತಿನಲ್ಲಿ ಒತ್ತಿ ಕೂರುವುದರಿಂದ. ನಡುವಿನ ರಂಧ್ರವನ್ನು ಒತ್ತುಯಂತ್ರದಲ್ಲಿ ಸುಮ್ಮನೆ ಕತ್ತರಿಸಿ ಬಿಟ್ಟಿರುತ್ತಾರೆ, ದಶಕಗಳ ತುಕ್ಕು ಮತ್ತು ಬಣ್ಣ ಅದರ ಅಂಚನ್ನು ಇನ್ನಷ್ಟು ಕೆಡಿಸಿರುತ್ತವೆ. ಇಂಥ ರಂಧ್ರಕ್ಕೆ ಕೋನ್ ಹಾಕಿ ತಿರುಗಿಸಿದರೆ ಚಕ್ರವು ತಿಗರಿಯ ನಡು ತಪ್ಪಿ ಕೂತ ಮಣ್ಣಿನ ಮುದ್ದೆಯಂತೆ ಓಲಾಡುತ್ತದೆ, ಯಂತ್ರವು ಆ ಓಲಾಟವನ್ನೇ ತೂಕದ ದೋಷವೆಂದು ಎಣಿಸಿ ವೆಯಿಟ್ ಕೇಳುತ್ತದೆ. ಅಂಗಡಿಯವರು ಪ್ರಾಮಾಣಿಕವಾಗಿ ಆ ವೆಯಿಟ್ ಹಾಕುತ್ತಾರೆ. ಗಾಡಿಗೆ ಕೂರಿಸಿದಾಗ ಚಕ್ರ ತನ್ನ ನಿಜವಾದ ನಡುವಿಗೆ ಮರಳುತ್ತದೆ, ಹಾಕಿದ ವೆಯಿಟ್ಟೇ ಹೊಸ ದೋಷವಾಗುತ್ತದೆ.

ಇದನ್ನು ಪತ್ತೆ ಮಾಡಲು ಎರಡು ನಿಮಿಷದ ಪರೀಕ್ಷೆಯೊಂದಿದೆ, ನೀವು ನಿಂತು ಮಾಡಿಸಬೇಕು. ಪರದೆಯಲ್ಲಿ ಸೊನ್ನೆ ಬಂದ ಮೇಲೆ ಚಕ್ರವನ್ನು ಯಂತ್ರದಿಂದ ಸಡಿಲಿಸಿ, ಯಂತ್ರದ ಕಡ್ಡಿಯನ್ನು ಅಲುಗಿಸದೆ ಚಕ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು, ಮತ್ತೆ ಓಡಿಸಲು ಹೇಳಿ. ಐದು ಗ್ರಾಂ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಹದಿನೈದು, ಇಪ್ಪತ್ತು, ಮೂವತ್ತು ಗ್ರಾಂ ತೋರಿಸಿದರೆ ಚಕ್ರ ಯಂತ್ರದ ನಡುವಿಗೆ ಕೂತಿಲ್ಲವೆಂದೇ ಅರ್ಥ, ಹಿಂದಿನ ಲೆಕ್ಕವನ್ನೆಲ್ಲ ಬಿಟ್ಟುಬಿಡಬೇಕು. ಆಗ ಕೋನನ್ನು ಒಳಗಿನಿಂದ ಹಾಕಿ ನೋಡಬಹುದು. ಅದಕ್ಕಿಂತ ಉತ್ತಮವೆಂದರೆ ನಟ್ಟಿನ ತೂತುಗಳಲ್ಲೇ ಬೆರಳುಗಳಂತೆ ಕೂತು ಚಕ್ರವನ್ನು ಒತ್ತುವ ತಟ್ಟೆಯ ಅಡಾಪ್ಟರ್ ಇರುವ ಅಂಗಡಿಗೆ ಹೋಗುವುದು. ಎರಡು ಅಂಗಡಿಗಳ ಲೆಕ್ಕದಲ್ಲಿ ಅರ್ಧ ಸುತ್ತಿನ ಪರೀಕ್ಷೆಯಲ್ಲಿ ಗೆದ್ದದ್ದನ್ನು ನಂಬಿ.

ಯಂತ್ರಕ್ಕೆ ಹಾಕುವ ಮೊದಲು ಚಕ್ರದ ಒಳಬದಿಯನ್ನು ತೊಳೆಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಲೆನಾಡಿನ ಮಳೆಗಾಲ ಕಳೆದ ಗಾಡಿಯ ರಿಮ್ಮಿನ ಒಳಗೆ ಕೆಮ್ಮಣ್ಣು ಹೆಪ್ಪುಗಟ್ಟಿ ಕೂತಿರುತ್ತದೆ; ಅದರೊಂದಿಗೇ ಬ್ಯಾಲೆನ್ಸ್ ಮಾಡಿಸಿದರೆ ಒಣಗಿದ ಹೆಂಟೆ ಉದುರಿದ ದಿನ ಅದುರು ಮರಳುತ್ತದೆ.

ಹೊರಬದಿಗೆ ಮಾತ್ರ ವೆಯಿಟ್ ಹಾಕಿದರೆ ಸಾಲದೆ?

ಸಾಲದು. ಚಕ್ರದ ಒಂದು ಕಡೆ ಭಾರ ಹೆಚ್ಚಿದ್ದರೆ ಅದು ಮೇಲೆ ಕೆಳಗೆ ಜಿಗಿಯುತ್ತದೆ. ನಿಂತಲ್ಲೇ ತೂಗುವ, ಗುಳ್ಳೆ ನೋಡಿ ಸರಿಪಡಿಸುವ ಹಳೆಯ ಸಾಧನ ಇದನ್ನು ಕಂಡುಹಿಡಿಯುತ್ತದೆ. ಆದರೆ ಒಳ ಅಂಚಿನಲ್ಲಿ ಒಂದು ಕಡೆ, ಹೊರ ಅಂಚಿನಲ್ಲಿ ಅದರ ಎದುರು ಕಡೆ ಭಾರವಿದ್ದರೆ ನಿಂತ ಚಕ್ರ ಸಮನಾಗಿಯೇ ಕಾಣುತ್ತದೆ, ಓಡುವಾಗ ಮಾತ್ರ ಪಕ್ಕಕ್ಕೆ ತೊನೆದು ಸ್ಟೇರಿಂಗನ್ನು ಅದುರಿಸುತ್ತದೆ. ಇದನ್ನು ತಿರುಗಿಸಿಯೇ ಅಳೆಯಬೇಕು, ಎರಡೂ ಬದಿಗೆ ವೆಯಿಟ್ ಹಾಕಬೇಕು. ಒಂದೇ ಚಕ್ರ ಒಟ್ಟಾರೆ 80–100 ಗ್ರಾಂಗಿಂತ ಹೆಚ್ಚು ಕೇಳಿದರೆ ಟೈರನ್ನೋ ರಿಮ್ಮನ್ನೋ ಮೊದಲು ಪರೀಕ್ಷಿಸಬೇಕು.

ಗಾಡಿಗೆ ಪೂರ್ತಿ ಪೇಂಟ್ ಮಾಡಿಸಿದ ಮೇಲೆ ಅದುರು ಶುರುವಾಗಿದೆ. ಸಂಬಂಧವಿದೆಯೆ?

ಖಂಡಿತ ಇರಬಹುದು. ರಿಮ್ಮುಗಳಿಗೆ ಪೌಡರ್ ಕೋಟಿಂಗ್ ಮಾಡಿಸುವಾಗ ನಟ್ಟು ಕೂರುವ ಇಳಿಜಾರಿಗೂ ಹಬ್ಬಿಗೆ ತಾಗುವ ಹಿಂಬದಿಯ ಮುಖಕ್ಕೂ ದಪ್ಪನೆಯ ಪದರ ಕೂರುತ್ತದೆ. ಆ ಪದರ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಚಕ್ರ ಓರೆಯಾಗಿ ಕೂರುತ್ತದೆ. ಓಡಾಟದಲ್ಲಿ ಪದರ ಪುಡಿಯಾದಂತೆ ನಟ್ಟುಗಳೂ ಸಡಿಲವಾಗುತ್ತವೆ, ಇದು ಅದುರಿಗಿಂತ ದೊಡ್ಡ ಅಪಾಯ. ಕೂರುವ ಜಾಗಗಳನ್ನು ಲೋಹ ಕಾಣುವವರೆಗೆ ಉಜ್ಜಿಸಿ. ಬ್ರೇಕ್ ಡ್ರಮ್ಮನ್ನು ಹಬ್ಬಿಗೆ ಹಿಡಿಯುವ ಸಣ್ಣ ಸ್ಕ್ರೂಗಳ ತಲೆ ಮೇಲೆದ್ದಿದ್ದರೂ ಚಕ್ರ ಓರೆಯಾಗುತ್ತದೆ. ನಟ್ಟುಗಳ ಇಳಿಜಾರು ಮುಖ ರಿಮ್ಮಿನ ಕಡೆಗೇ ಇರಬೇಕು. ಚಕ್ರ ಗಾಳಿಯಲ್ಲಿರುವಾಗಲೇ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ನೆಲಕ್ಕಿಳಿಸಿ ಕೊನೆಯ ಬಿಗಿ ಕೊಡಬೇಕು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಬೆಳಗ್ಗೆ ಹೊರಟಾಗ ಅದುರಿ, ಹತ್ತು ಹದಿನೈದು ಕಿಲೋಮೀಟರಿನ ನಂತರ ತಾನಾಗಿ ನಿಲ್ಲುತ್ತದೆ. ಇದೇನು?

ಟೈರು ನಿಂತಲ್ಲೇ ಚಪ್ಪಟೆಯಾಗಿರುವ ಲಕ್ಷಣ. 5.90-15 ಮತ್ತು 5.20-14 ಅಳತೆಯ ಹಳೆಯ ಮಾದರಿಯ ಕ್ರಾಸ್‌ಪ್ಲೈ (ಎಳೆಗಳ ಪದರಗಳು ಓರೆಯಾಗಿ ಒಂದನ್ನೊಂದು ದಾಟುವ) ಟೈರುಗಳ ನೈಲಾನ್ ಎಳೆಗಳು ಬಿಸಿಯಾಗಿ ನಿಂತು ತಣ್ಣಗಾದಾಗ ನೆಲಕ್ಕೆ ಒತ್ತಿದ ಆಕಾರವನ್ನೇ ಹಿಡಿಯುತ್ತವೆ, ಓಡಿ ಬಿಸಿಯಾದಾಗ ಬಿಡುತ್ತವೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಈ ಚಪ್ಪಟೆ ಶಾಶ್ವತವಾಗಬಹುದು. ದೀರ್ಘ ಕಾಲ ನಿಲ್ಲಿಸುವುದಾದರೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಡುವುದು ಒಳ್ಳೆಯದು.

ಹಳೆಯ ಕಾರಿನ ಟೈರುಗಳು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು ಎಂಬುದನ್ನು ಮರೆಯಬಾರದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಮೂರೇ ಅಂಕೆಗಳಿದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಪಟ್ಟೆ ಎಷ್ಟೇ ಆಳವಿದ್ದರೂ ಅದರ ಮೇಲೆ ಓಡಬಾರದು. ಹತ್ತು ವರ್ಷ ದಾಟಿದ ಟೈರಿಗೂ ಇದೇ ಮಾತು. ರೇಡಿಯಲ್ (ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಹೋಗುವ) ಮತ್ತು ಕ್ರಾಸ್‌ಪ್ಲೈ ಟೈರುಗಳನ್ನು ಒಂದೇ ಆಕ್ಸಲ್ಲಿಗೆ ಎಂದೂ ಬೆರೆಸಬಾರದು.

ಬೇರಿಂಗ್ ಸಡಿಲವೋ ಕಿಂಗ್‌ಪಿನ್ ಸಡಿಲವೋ ಎಂದು ತಿಳಿಯುವುದು ಹೇಗೆ?

ಎತ್ತಿದ ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಪ್ಲೇ (ಸಡಿಲ) ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಡ್ರಮ್ಮು ಹಿಂದಿನ ತಟ್ಟೆಗೆ ಬಿಗಿದುಕೊಳ್ಳುವುದರಿಂದ ಬೇರಿಂಗಿನ ಸಡಿಲ ಮರೆಯಾಗುತ್ತದೆ. ಆಗಲೂ ಅಲುಗಿದರೆ ಅದು ಕಿಂಗ್‌ಪಿನ್ನಿನದು ಅಥವಾ ಸಸ್ಪೆನ್ಷನ್ ಬುಷ್ಷಿನದು. ಎಡ ಬಲ ಹಿಡಿದು ಅಲುಗಿಸಿದಾಗ ಸಿಗುವ ಪ್ಲೇ ಹೆಚ್ಚಾಗಿ ಸ್ಟೇರಿಂಗ್ ಜಾಯಿಂಟುಗಳದ್ದು. ಒಬ್ಬರು ಅಲುಗಿಸುವಾಗ ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟರೆ ಸವೆದದ್ದು ಕೈಗೇ ತಿಳಿಯುತ್ತದೆ. ಪದ್ಮಿನಿಯಲ್ಲಿ ಸ್ಟೇರಿಂಗ್ ಕಡ್ಡಿಯ ಇನ್ನೊಂದು ತುದಿಯನ್ನು ಹಿಡಿದಿರುವ ಐಡ್ಲರ್ ಆರ್ಮನ್ನು ನೋಡಲು ಮರೆಯಬೇಡಿ.

ಅಲೈನ್‌ಮೆಂಟ್ ಮಾಡಿಸಿದರೆ ಅದುರು ನಿಲ್ಲುತ್ತದೆಯೆ?

ಇಲ್ಲ. ಚಕ್ರಗಳ ಕೋನ ಹೊಂದಿಸುವ ಆ ಕೆಲಸವು ಗಾಡಿ ಪಕ್ಕಕ್ಕೆ ಎಳೆಯುವುದನ್ನೂ ಟೈರು ಓರೆಯಾಗಿ ಸವೆಯುವುದನ್ನೂ ಸರಿಪಡಿಸುತ್ತದೆ. ಜಾಯಿಂಟುಗಳಲ್ಲಿ ಸಡಿಲವಿರುವಾಗ ಮಾಡಿಸಿದ ಅಲೈನ್‌ಮೆಂಟ್ ಅಂತೂ ಅಂಗಡಿಯ ಗೇಟಿನವರೆಗೂ ಉಳಿಯುವುದಿಲ್ಲ.

ಸ್ಟೇರಿಂಗ್ ಶಾಂತವಾಗಿದೆ, ಸೀಟು ಮತ್ತು ನೆಲ ಮಾತ್ರ ಗುಂಯ್‌ಗುಡುತ್ತವೆ. ಏನು ನೋಡಬೇಕು?

ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ನಾಲ್ಕಕ್ಕೂ ಹೆಚ್ಚು ಸುತ್ತು ಸುತ್ತಿರುತ್ತದೆ. ಆದ್ದರಿಂದ ಚಕ್ರದ ದೋಷ ಎಣಿಸಬಹುದಾದ ಬಡಿತದಂತೆಯೂ ಶಾಫ್ಟಿನ ದೋಷ ಒಂದೇ ಸಮನೆ ಮೊರೆತದಂತೆಯೂ ಮೈಗೆ ತಿಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಮೊರೆತ ಬದಲಾದರೆ ಶಾಫ್ಟಿನ ತುದಿ ಬಾಗಿಕೊಳ್ಳಲು ಬಿಡುವ ಯೂನಿವರ್ಸಲ್ ಜಾಯಿಂಟಿನ ಕ್ರಾಸ್‌ಗಳನ್ನು, ಗೇರ್‌ಬಾಕ್ಸ್ ಮೌಂಟಿಂಗನ್ನು ನೋಡಿ. ಶಾಫ್ಟ್ ಬಿಚ್ಚುವ ಮೊದಲು ಶಾಫ್ಟನ್ನು ಬಿಗಿದಿರುವ ಫ್ಲಾಂಜಿಗೂ (ತಟ್ಟೆಗೂ) ಶಾಫ್ಟಿಗೂ ಸೇರುವಂತೆ ಗುರುತು ಹಾಕುವುದು ಕಡ್ಡಾಯ. ಶಾಫ್ಟಿನ ಜಾರುವ ಹಲ್ಲುಗಳಲ್ಲಿ ಒಂದೇ ಹಲ್ಲು ತಪ್ಪಿ ಜೋಡಿಸಿದರೂ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿ ಉಳಿಯದೆ, ಹೊಸ ಕ್ರಾಸ್ ಹಾಕಿಸಿದ ಮೇಲೂ ಗಾಡಿ ಅದುರುತ್ತದೆ. ಅಂಡರ್‌ಕೋಟಿಂಗ್ ಮಾಡುವಾಗ ಶಾಫ್ಟಿನ ಮೇಲೆ ಬಿದ್ದ ಟಾರಿನ ತೇಪೆಯೂ ಇದಕ್ಕೆ ಸಾಕು.

ಬ್ರೇಕ್ ಒತ್ತಿದಾಗ ಮಾತ್ರ ಅದುರುತ್ತದೆ.

ಡ್ರಮ್ಮು ದುಂಡಗೆ ಉಳಿದಿಲ್ಲ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳನ್ನು ಬ್ರೇಕಿನ ಮೇಲೆಯೇ ಇಳಿದು, ಕೆಳಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟ ಗಾಡಿಗಳಲ್ಲಿ ಇದು ಸಾಮಾನ್ಯ. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಹ್ಯಾಂಡ್‌ಬ್ರೇಕನ್ನು ಮಾತ್ರ ಮೆಲ್ಲಗೆ ಎಳೆದು ನೋಡಿ. ಆಗಲೂ ಅದುರಿದರೆ ಹಿಂದಿನ ಡ್ರಮ್ಮು, ಇಲ್ಲದಿದ್ದರೆ ಮುಂದಿನದು. ಲೇತಿನಲ್ಲಿ ಟರ್ನಿಂಗ್ ಮಾಡಿಸಬಹುದು, ಒಂದು ಆಕ್ಸಲ್ಲಿನ ಎರಡೂ ಡ್ರಮ್ಮುಗಳನ್ನು ಒಟ್ಟಿಗೆ ಮಾಡಿಸಿ.

ಚಕ್ರವನ್ನು ಗಾಡಿಯ ಮೇಲೆಯೇ ತಿರುಗಿಸಿ ಬ್ಯಾಲೆನ್ಸ್ ಮಾಡಿಸುವುದು ಒಳ್ಳೆಯದೆ?

ಒಳ್ಳೆಯದು, ಆ ಯಂತ್ರ ಈಗ ವಿರಳ. ಹಬ್ಬು ಮತ್ತು ಡ್ರಮ್ಮಿನ ತೂಕವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮುಂದೆ ಚಕ್ರ ಬಿಚ್ಚಿದಾಗ ಅದೇ ಸ್ಟಡ್ಡಿಗೆ ಅದೇ ತೂತು ಬರುವಂತೆ ಗುರುತು ಹಾಕಿಡಬೇಕು. ಹಿಂದಿನ ಒಂದೇ ಚಕ್ರವನ್ನು ಎತ್ತಿ ಎಂಜಿನ್ನಿನಿಂದ ತಿರುಗಿಸುವುದು ಅಪಾಯಕಾರಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವಾಗ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಕಾರಣದಿಂದ ಎತ್ತಿದ ಚಕ್ರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಸ್ಪೀಡೋಮೀಟರ್ 50 ತೋರಿಸುವಾಗ ಚಕ್ರ 100ರ ವೇಗದಲ್ಲಿರುತ್ತದೆ, ಹಳೆಯ ಟೈರು ಸಿಡಿಯಬಹುದು.

ಯಾವ ಅದುರು ಕಂಡರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು?

ಹಿಂದಿನ ದಿನ ಇಲ್ಲದ ಅದುರು ಇದ್ದಕ್ಕಿದ್ದಂತೆ ಶುರುವಾಗಿ ಕಿಲೋಮೀಟರಿನಿಂದ ಕಿಲೋಮೀಟರಿಗೆ ಹೆಚ್ಚುತ್ತಿದ್ದರೆ ನಿಲ್ಲಿಸಬೇಕು. ಮೊದಲು ನಾಲ್ಕೂ ಚಕ್ರಗಳ ನಟ್ಟುಗಳಿಗೆ ಪಾನಾ ಹಾಕಿ ನೋಡಿ. ಆಮೇಲೆ ಪ್ರತಿ ಟೈರಿನ ಪಟ್ಟೆಯ ಮೇಲೂ ಒಳ, ಹೊರ ಪಕ್ಕಗಳ ಮೇಲೂ ಅಂಗೈ ಸವರಿ ಉಬ್ಬು ಇದೆಯೇ ನೋಡಿ, ಚಕ್ರ ಬೆಚ್ಚಗಿರಬಹುದು, ಎಚ್ಚರವಿರಲಿ. ಪಟ್ಟೆಯಲ್ಲಿ ಉಬ್ಬು ಕಂಡರೆ ಒಳಗಿನ ಪದರ ಬಿಟ್ಟುಕೊಂಡಿದೆ. ಹೊಸ ಪಟ್ಟೆ ಅಂಟಿಸಿ ರೀಸೋಲ್ ಮಾಡಿದ ಟೈರುಗಳಲ್ಲಿ ಇದು ಬೇಗ ಆಗುತ್ತದೆ. ಆ ಚಕ್ರದ ಮೇಲೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೂ ಹೋಗದೆ, ನಿಂತಲ್ಲಿಯೇ ಸ್ಟೆಪ್ನಿ ಹಾಕಿಕೊಳ್ಳಿ.